ಕೆಂಪು ಟೇಪು

ಮಾರ್ಚ್ ೩, ಸೋಮವಾರ

ಟಯರ್ ಅಂಗಡಿಯವರು ವರ್ಷದ ಮೊದಲಲ್ಲಿ ಕೊಟ್ಟ ಡೈರಿ ಇಂದು ಸಿಕ್ಕಿತು. ಟೂಲ್ ಬ್ಯಾಗಿನ ತಳದಲ್ಲಿ, ಗ್ರೀಸ್ ಡಬ್ಬಿಯ ಕೆಳಗಿತ್ತು. ಜನವರಿ, ಫೆಬ್ರವರಿಯ ಹಾಳೆಗಳು ಎಣ್ಣೆ ಕುಡಿದು ಪಾರದರ್ಶಕವಾಗಿವೆ. ಮಾರ್ಚ್ ಮಾತ್ರ ಚೊಕ್ಕವಾಗಿದೆ. ಹಾಗಾಗಿ ಮಾರ್ಚಿನಿಂದ ಶುರು. ಓದುವವರು ಯಾರೂ ಇಲ್ಲವಾದ್ದರಿಂದ ಅಕ್ಷರ ಹೇಗಿದ್ದರೂ ನಡೆಯುತ್ತದೆ.

ಇಂದು ಮೂರು ಕರೆ. ಕಂಪನಿಯ ಸಹಾಯವಾಣಿಯಾಕೆ ಫೋನಿನಲ್ಲಿ ಜಾಗ ಹೇಳುತ್ತಾಳೆ, ನಾನು "ಹೂಂ" ಅನ್ನುತ್ತೇನೆ, ನನ್ನ ಬೈಕಿನಲ್ಲಿ ಹೋಗುತ್ತೇನೆ. ದಾರಿಯಲ್ಲಿ ಕೆಟ್ಟು ನಿಂತ ಬೈಕನ್ನು ಹತ್ತಿರದ ಗ್ಯಾರೇಜಿನವರೆಗೆ ಓಡುವಷ್ಟು ಮಾಡಿಕೊಡುವುದು ನನ್ನ ಕೆಲಸ. ಅದಕ್ಕಿಂತ ಒಂದು ಮೈಲಿ ಹೆಚ್ಚು ಓಡಿದರೆ ಅದು ಆ ಗಾಡಿಯ ಒಳ್ಳೆಯತನ. ತುಂಡಾದ ಕ್ಲಚ್ ಕೇಬಲ್ಲಿಗೆ ಗಂಟು, ಸೀಳಿದ ಪೈಪಿಗೆ ಹಳೆ ಟ್ಯೂಬಿನ ಪಟ್ಟಿ, ಉದುರಿದ ಬೋಲ್ಟಿನ ಜಾಗದಲ್ಲಿ ತಂತಿ. ಕಟ್ಟಿದ ಮೇಲೆ ಅದರ ಮೇಲೆ ಎರಡು ಸುತ್ತು ಕೆಂಪು ಟೇಪು ಸುತ್ತುತ್ತೇನೆ.

ಕೆಂಪು ಟೇಪು ನಾವು ಅಣ್ಣತಮ್ಮ ಸೇರಿ ಗ್ಯಾರೇಜು ನಡೆಸುತ್ತಿದ್ದಾಗ ಮಾಡಿಕೊಂಡ ಕ್ರಮ. ನಾನು ರಸ್ತೆಯಲ್ಲಿ ಕಟ್ಟಿ ಕಳಿಸಿದ್ದನ್ನು ಅವನು ಗ್ಯಾರೇಜಿನಲ್ಲಿ ಬಿಚ್ಚಿ ಹೊಸದು ಹಾಕಬೇಕು. ಎಲ್ಲಿ ಕಟ್ಟಿದ್ದೇನೆಂದು ಅವನು ಹುಡುಕುತ್ತ ಕೂರಬಾರದಲ್ಲ, ಅದಕ್ಕೆ ಕೆಂಪು. ಕೆಂಪು ಕಂಡಲ್ಲಿ ಬಿಚ್ಚು, ಕಪ್ಪು ಟೇಪಿದ್ದರೆ ಮುಟ್ಟಬೇಡ, ಅದು ಮಾಮೂಲಿ ಕೆಲಸ. ಈಗ ಈ ಭಾಗದ ಗ್ಯಾರೇಜಿನವರಿಗೆಲ್ಲ ಇದು ಗೊತ್ತು. ಇದರಿಂದ ನನಗೊಂದು ದೊಡ್ಡ ಅನುಕೂಲವಾಗಿದೆ. ಗಾಡಿಯವರಿಗೆ ನಾನು ಏನನ್ನೂ ವಿವರಿಸಬೇಕಿಲ್ಲ. ಟೇಪೇ ಹೇಳಿಕೊಳ್ಳುತ್ತದೆ. ಇಂದು ಮೂರು ಜನರ ಜೊತೆ ಒಟ್ಟು ಎಂಟೋ ಒಂಬತ್ತೋ ಮಾತಾಡಿರಬೇಕು, ಅದರಲ್ಲಿ ನಾಲ್ಕು "ಹೂಂ".

ಮಾರ್ಚ್ ೬, ಗುರುವಾರ

ಒಬ್ಬ ಮಹಾಶಯ ಪೆಟ್ರೋಲ್ ಮುಗಿಸಿಕೊಂಡು ನಿಂತಿದ್ದ. ಮುಗಿದಿದೆ ಎಂದು ಒಪ್ಪಲು ತಯಾರಿಲ್ಲ. "ನಿನ್ನೆ ತಾನೇ ಹಾಕ್ಸಿದೀನಿ, ನೀವು ಪ್ಲಗ್ ನೋಡಿ," ಎಂದ. ಪ್ಲಗ್ ನೋಡಿದೆ. "ಕಾರ್ಬುರೇಟರ್ ನೋಡಿ," ಎಂದ. ಅದನ್ನೂ ನೋಡಿದೆ. ಆಮೇಲೆ ಟ್ಯಾಂಕಿನ ಮುಚ್ಚಳ ತೆಗೆದು ಅವನ ಮುಖದ ಹತ್ತಿರ ಹಿಡಿದೆ. ಅವನು ಒಳಗೆ ಬಗ್ಗಿ ನೋಡಿ, "ಯಾರೋ ಕದ್ದಿದಾರೆ," ಎಂದ. ನನ್ನ ಬಾಟಲಿಯ ಪೆಟ್ರೋಲ್ ಹಾಕಿ ಕಳಿಸಿದೆ. ಈ ಕತೆಯನ್ನು ನನ್ನ ಹೆಂಡತಿಗೆ ಹೇಳಿದ್ದರೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಮನೆಗೆ ಬಂದು ಬೀಗ ತೆಗೆಯುವಾಗಲೂ ಹೇಳಬೇಕೆಂದೇ ಅಂದುಕೊಂಡಿದ್ದೆ. ಮೂರು ವರ್ಷವಾದರೂ ಬೀಗ ತೆಗೆಯುವ ಕೈಗೆ ಅವಳಿಲ್ಲವೆಂಬುದು ಇನ್ನೂ ಗೊತ್ತಾಗಿಲ್ಲ.

ಅವಳಿದ್ದಾಗ ನಾನು ಎಲ್ಲಿಗೆ ಹೋದರೂ ಫೋನ್ ಮಾಡುತ್ತಿದ್ದಳು. "ತಲುಪಿದ್ರಾ?" ಅಷ್ಟೇ ಕೇಳಿ ಇಡುತ್ತಿದ್ದಳು. ನಾಲ್ಕು ಬೀದಿ ಆಚೆ ಹೋಗಿದ್ದರೂ ಅದೇ ಪ್ರಶ್ನೆ. ನಾನು ರೇಗುತ್ತಿದ್ದೆ.

ಅವಳು ಹೋದ ಮೇಲೆ ಒಂಬತ್ತು ತಿಂಗಳು ಗ್ಯಾರೇಜಿನಲ್ಲೇ ಇದ್ದೆ. ಒಂದು ದಿನ ಒಬ್ಬರ ಗಾಡಿಗೆ ಎಂಜಿನ್ ಆಯಿಲ್ ಬದಲಿಸಿ ಕೆಳಗಿನ ಬೋಲ್ಟ್ ಬಿಗಿ ಮಾಡಲು ಮರೆತೆ. ದಾರಿಯುದ್ದಕ್ಕೂ ಆಯಿಲ್ ಸುರಿದು ಗಾಡಿ ಜಾರಿತು, ಆ ಮನುಷ್ಯನ ಮೊಣಕೈ ಮುರಿಯಿತು. ಅಣ್ಣ ಗಿರಾಕಿಗಳೆಲ್ಲ ಕೂತಿದ್ದಾಗ ಹೇಳಿದ, "ಇನ್ಮೇಲೆ ನಿನ್ನ ಕೈ ನಂಬೋ ಹಾಗಿಲ್ಲ." ಟೂಲ್ ಬ್ಯಾಗ್ ಹೆಗಲಿಗೆ ಹಾಕಿಕೊಂಡು ಎದ್ದು ಬಂದೆ. ಅವನ ಗ್ಯಾರೇಜು ಇಲ್ಲಿಂದ ನಾಲ್ಕು ಕಿಲೋಮೀಟರ್. ಎರಡು ವರ್ಷದಿಂದ ಆ ರಸ್ತೆಗೆ ಹೋಗಿಲ್ಲ, ಸುತ್ತು ಹಾಕಿಕೊಂಡು ಬೇರೆ ದಾರಿಯಲ್ಲಿ ಹೋಗುತ್ತೇನೆ. ಪೆಟ್ರೋಲ್ ಹೆಚ್ಚು ಸುಡುತ್ತದೆ, ಸುಡಲಿ.

ಮಾರ್ಚ್ ೯, ಭಾನುವಾರ

ಕರೆ ಇಲ್ಲ. ಅಡುಗೆಮನೆಯ ನಲ್ಲಿ ರಾತ್ರಿಯಿಡೀ ತೊಟ್ಟಿಕ್ಕಿ ನಿದ್ದೆಗೆಡಿಸಿತ್ತು. ಬೆಳಿಗ್ಗೆ ಎದ್ದು ಟ್ಯೂಬಿನ ಪಟ್ಟಿ ಕಟ್ಟಿ, ಮೇಲೆ ಕೆಂಪು ಟೇಪು ಸುತ್ತಿದೆ. ನೀರು ಪೂರ್ತಿ ನಿಲ್ಲಲೆಂದು ಸುತ್ತುತ್ತ ಹೋಗಿ ಇಡೀ ರೋಲ್ ಮುಗಿದುಹೋಯಿತು. ಈಗ ಕಡಿಮೆ ತೊಟ್ಟಿಕ್ಕುತ್ತಿದೆ. ಒಂದು ವಾಷರ್ ಹಾಕಿದರೆ ಮುಗಿಯುವ ಕೆಲಸ, ಗೊತ್ತು.

ಮನೆಯಲ್ಲಿ ಈಗ ಆರು ಕಡೆ ಕೆಂಪು ಟೇಪಿದೆ. ಬಾಗಿಲ ಚಿಲಕ, ಮಂಚದ ಕಾಲು, ಫ್ಯಾನಿನ ಸ್ವಿಚ್ಚು, ಕುರ್ಚಿಯ ಹಿಡಿ, ಅವಳ ಟ್ರಂಕಿನ ಕೊಂಡಿ, ಈಗ ನಲ್ಲಿ. ಹತ್ತಿರದ ಗ್ಯಾರೇಜಿಗೆ ಮನೆಯನ್ನೇ ಓಡಿಸಿಕೊಂಡು ಹೋಗುವಂತಿದ್ದರೆ ಚೆನ್ನಾಗಿತ್ತು.

ನಾಳೆ ಮರೆಯದೆ ಟೇಪು ತರಬೇಕು.

ಮಾರ್ಚ್ ೧೦, ಸೋಮವಾರ

ಐದು ಕರೆ. ಬಿಸಿಲಿಗೆ ತಲೆ ಕಾದು ಹೋಯಿತು. ಬೆಳಿಗ್ಗೆ ಏಳಕ್ಕೇ ಮೊದಲ ಕರೆ ಬಂದದ್ದರಿಂದ ಟೇಪು ತರಲಾಗಲಿಲ್ಲ.

ನಾಲ್ಕನೆಯ ಕರೆ ಒಬ್ಬ ನರ್ಸಮ್ಮನದು. ಮನೆಮನೆಗೆ ಹೋಗಿ ಎದ್ದು ಓಡಾಡಲಾಗದವರ ಗಾಯಕ್ಕೆ ಪಟ್ಟಿ ಕಟ್ಟುವ ಕೆಲಸವಂತೆ. ಹಳೆ ಬೈಕು, ಟ್ಯಾಂಕಿನ ಮೇಲೆ ಬೆಲ್ಟಿನಿಂದ ಬಿಗಿದ ಸ್ಟೀಲ್ ಡಬ್ಬಿ, ಅದರಲ್ಲಿ ಹತ್ತಿ, ಕತ್ತರಿ, ಔಷಧಿ. ಹಿಂದಿನ ಬ್ರೇಕಿನ ಪೆಡಲ್ಲಿಗೂ ರಾಡಿಗೂ ಸೇರುವ ಪಿನ್ನು ಉದುರಿ ಎಲ್ಲೋ ಬಿದ್ದಿತ್ತು. ಪೆಡಲ್ ಒತ್ತಿದರೆ ಸತ್ತ ಹಾವಿನ ಹಾಗೆ ಕೆಳಗೆ ಹೋಗುತ್ತಿತ್ತು.

"ಅಪ್ಪನ ಗಾಡಿ. ಅವ್ರು ಓಡ್ಸೋದು ಬಿಟ್ರು, ನನ್ನ ತಲೆಗೆ ಬಂತು. ಮುಂದಿನ ಬ್ರೇಕ್ ಹಿಡಿದ್ರೂ ಒಂದೇ ಬಿಟ್ರೂ ಒಂದೇ, ನಾನು ಎಲ್ಲಾ ಕಾಲಲ್ಲೇ ಹಿಡಿಯೋದು," ಎಂದಳು. ನಾನು ಕೆಲಸ ಮಾಡುವಷ್ಟು ಹೊತ್ತೂ ಮಾತಾಡುತ್ತಲೇ ಇದ್ದಳು. ನೀರಿನ ಟ್ಯಾಂಕಿನ ಹತ್ತಿರ ಒಬ್ಬ ನಿವೃತ್ತ ಮೇಷ್ಟ್ರಿದ್ದಾರೆ, ಕಾಲಿನ ಗಾಯ ಒಣಗುತ್ತಿಲ್ಲ, ಐದು ನಿಮಿಷ ತಡವಾದರೆ ಗಡಿಯಾರ ತೋರಿಸುತ್ತಾರೆ, ಹೀಗೆ. ನಾನು ತಲೆಯಾಡಿಸುತ್ತಿದ್ದೆ.

ಮೊಳೆಯೊಂದನ್ನು ಕತ್ತರಿಸಿ ಪಿನ್ನಿನ ಜಾಗಕ್ಕೆ ತೂರಿಸಿ, ತಂತಿಯಿಂದ ಬಿಗಿದೆ. ಮೂರು ಸುತ್ತು, ತುದಿ ಒಳಗೆ ಮಡಚಿದ್ದು. ಕೆಂಪು ಟೇಪು ಇರಲಿಲ್ಲ. ತಂತಿ ಅವಳ ಕಾಲಿಗೆ ಗೀರಬಾರದೆಂದು ಕಪ್ಪು ಟೇಪಿನಿಂದ ಅಚ್ಚುಕಟ್ಟಾಗಿ ಮುಚ್ಚಿದೆ. ಅಷ್ಟರಲ್ಲಿ ಐದನೆಯ ಕರೆ. ಹೆಂಡತಿ, ಕೂಸಿನ ಜೊತೆ ಒಬ್ಬ ಬಿಸಿಲಲ್ಲಿ ನಿಂತಿದ್ದಾನೆ, ಬೇಗ ಹೋಗಿ ಎಂದು ಸಹಾಯವಾಣಿಯಾಕೆ ಅವಸರ ಮಾಡಿದಳು. ನರ್ಸಮ್ಮನಿಗೂ ಮೇಷ್ಟ್ರ ಗಡಿಯಾರದ ಭಯ. "ಆಯ್ತಾ?" ಎಂದಳು. ತಲೆಯಾಡಿಸಿದೆ. ಹೋದಳು.

ಇಲ್ಲಿಯವರೆಗೆ ಬರೆದು ಪೆನ್ನು ನಿಂತಿದೆ.

ಅವಳಿಗೆ ಹೇಳಲಿಲ್ಲ. ಇದು ಬರೀ ಮೊಳೆ, ಎರಡು ದಿನದ ಮಾತು, ಮೊದಲ ಗ್ಯಾರೇಜಿನಲ್ಲೇ ಪಿನ್ನು ಹಾಕಿಸಿ ಎಂದು ಹೇಳಲೇ ಇಲ್ಲ. ಟೇಪು ಹೇಳುತ್ತದೆ ಎಂಬ ಅಭ್ಯಾಸದಲ್ಲಿ ಬಾಯಿಗೆ ಬೀಗ ಹಾಕಿಕೊಂಡೇ ಇದ್ದೆ. ಟೇಪು ಇಲ್ಲಿ ನಲ್ಲಿಯ ಮೇಲಿದೆ.

ಮಾರ್ಚ್ ೧೧, ಮಂಗಳವಾರ

ಬೆಳಿಗ್ಗೆ ಸಹಾಯವಾಣಿಗೆ ನಾನೇ ಫೋನ್ ಮಾಡಿದೆ. ಎರಡು ವರ್ಷದಲ್ಲಿ ಮೊದಲ ಸಲ.

"ಸಾರ್, ನೀವಾ? ಏನಾಯ್ತು, ಹುಷಾರಿಲ್ವಾ?"

ನಿನ್ನೆಯ ನಾಲ್ಕನೇ ಕರೆಯವರ ನಂಬರ್ ಬೇಕು ಎಂದೆ. ಕೆಲಸ ಮುಗಿದ ಮೇಲೆ ಗಿರಾಕಿಯ ನಂಬರ್ ನಮ್ಮ ಫೋನಿನಿಂದ ತಾನಾಗಿ ಅಳಿಸಿಹೋಗುತ್ತದೆ.

"ಕೊಡೋ ಹಾಗಿಲ್ಲ ಸಾರ್, ರೂಲ್ಸು. ಯಾಕೆ ಬೇಕಿತ್ತು?"

ಹೇಳಿದೆ. ಅವಳು ತಾನೇ ಮಾಡಿ ನೋಡುತ್ತೇನೆ ಎಂದಳು. ಮಧ್ಯಾಹ್ನ ತಿರುಗಿ ಫೋನ್ ಬಂತು. "ಮೂರು ಸಲ ಮಾಡ್ದೆ. ರಿಂಗ್ ಆಗುತ್ತೆ, ಎತ್ತಲ್ಲ. ಕಂಪನಿ ನಂಬರ್ ನೋಡಿ ಏನೋ ಮಾರೋಕೆ ಮಾಡಿದಾರೆ ಅಂದ್ಕೊಂಡಿರ್ಬೇಕು. ಬ್ರೇಕ್ ಚೆಕ್ ಮಾಡಿಸ್ಕೊಳಿ ಅಂತ ಮೆಸೇಜ್ ಹಾಕಿದೀನಿ ಸಾರ್. ತಲೆ ಕೆಡಿಸ್ಕೋಬೇಡಿ."

ತಲೆ ಆಗಲೇ ಕೆಟ್ಟಿದೆ. ಸಂಜೆ ಟೇಪು ಕೊಂಡೆ. ಎಂಟು ರೋಲ್. ಅಂಗಡಿಯವನು ಏನು ಬಸ್ಸಿಗೆ ಸುತ್ತುತ್ತೀರಾ ಎಂದು ಕೇಳಿದ.

ಮಾರ್ಚ್ ೧೨, ಬುಧವಾರ

ಕರೆಗಳ ನಡುವೆ ಸಿಕ್ಕ ಸಿಕ್ಕ ಗ್ಯಾರೇಜಿನಲ್ಲಿ ಕೇಳುತ್ತ ಹೋದೆ. ಸ್ಟೀಲ್ ಡಬ್ಬಿ ಕಟ್ಟಿದ ಹಳೆ ಬೈಕು, ಓಡಿಸುವವಳು ನರ್ಸು. ಮೂರು ಕಡೆ ಇಲ್ಲ ಎಂದರು. ಮೂವರೂ ಕೊನೆಗೆ ಒಂದೇ ಮಾತು ಕೇಳಿದರು. "ನಿಮ್ಮಣ್ಣನ ಹತ್ರ ಕೇಳಿದ್ರಾ?"

ನಾಲ್ಕನೆಯದು ರಸ್ತೆ ತಿರುವಿನ ಪಂಕ್ಚರ್ ಅಂಗಡಿ. ಅಲ್ಲಿಯ ಬೋಳುತಲೆಯವನು ಹಳೆ ಪರಿಚಯ. ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸುತ್ತಲೇ ಹೇಳಿದ, "ನಿನ್ನೆ ಬಂದಿದ್ರಲ್ಲ. ಏನೋ ಮೆಸೇಜ್ ಬಂದಿದೆ, ಬ್ರೇಕ್ ನೋಡಿ ಅಂದ್ರು. ನೋಡ್ದೆ. ಚೆನ್ನಾಗೇ ಹಿಡೀತಿತ್ತು. ಏನೂ ಆಗಿಲ್ಲಮ್ಮ, ಆರಾಮಾಗಿ ಹೋಗಿ ಅಂದೆ."

"ಪೆಡಲ್ ಹತ್ರ ಟೇಪ್ ಇತ್ತಲ್ಲ?"

"ಇತ್ತು. ಕಪ್ಪು." ಅವನು ಟ್ಯೂಬನ್ನು ಬಿಟ್ಟು ನನ್ನ ಮುಖ ನೋಡಿದ. "ನೀನು ಕಟ್ಟಿದ್ದಾ ಅದು? ಕೆಂಪು ಇದ್ದಿದ್ರೆ ಬಿಚ್ತಿದ್ನಲ್ಲೋ."

ಆ ಮೆಸೇಜ್ ಹಾಕಿಸಿದವನು ನಾನೇ. ಸುಮ್ಮನೆ ಇದ್ದಿದ್ದರೆ ಅವಳು ಬ್ರೇಕಿನ ಮೇಲೆ ಒಂದು ಕಣ್ಣಾದರೂ ಇಟ್ಟಿರುತ್ತಿದ್ದಳು. ಈಗ ಎಲ್ಲ ಸರಿಯಿದೆ ಎಂದು ಹೇಳಿಸಿಕೊಂಡು ಧೈರ್ಯವಾಗಿ ಓಡಿಸುತ್ತಿದ್ದಾಳೆ. ಮೊಳೆ ಮೆತ್ತಗಿನ ಕಬ್ಬಿಣ. ದಿನಕ್ಕೆ ಐವತ್ತು ಸಲ ಒತ್ತಿದರೆ ಎಷ್ಟು ದಿನ ತಡೆಯುತ್ತದೆ?

ಮೂರು ಗಂಟೆಗೆ ಅಣ್ಣನ ನಂಬರಿನಿಂದ ಫೋನ್ ಬಂತು. ಎತ್ತಲಿಲ್ಲ. ಗ್ಯಾರೇಜು ಬಿಟ್ಟು ಬರುವಾಗ ಅವನ ಸ್ಪ್ಯಾನರ್ ಸೆಟ್ಟೊಂದು ನನ್ನ ಬ್ಯಾಗಿನಲ್ಲೇ ಬಂದುಬಿಟ್ಟಿತ್ತು, ಎರಡು ವರ್ಷದ ಮೇಲೆ ನೆನಪಾಗಿರಬೇಕು.

ಮಾರ್ಚ್ ೧೩, ಗುರುವಾರ

ಅಣ್ಣನ ಫೋನ್ ಇಂದು ಎರಡು ಸಲ. ಎತ್ತಲಿಲ್ಲ.

ಇಂದು ನಾಲ್ಕು ಗಾಡಿ. ನಾಲ್ವರಿಗೂ ಕೆಂಪು ಟೇಪು ಮುಟ್ಟಿಸಿ ತೋರಿಸಿ, ಇದು ಇಷ್ಟೇ ದೂರ, ಇಷ್ಟೇ ವೇಗ, ಇಲ್ಲಿಯೇ ತೋರಿಸಿ ಎಂದು ಹೇಳಿದೆ. ತಲುಪಿದ ಮೇಲೆ ಒಂದು ಫೋನ್ ಮಾಡಿ ಎಂದೂ ಹೇಳಿ, ನನ್ನ ನಂಬರ್ ಚೀಟಿಯಲ್ಲಿ ಬರೆದುಕೊಟ್ಟೆ. ಒಬ್ಬ ನನ್ನನ್ನು ವಿಚಿತ್ರವಾಗಿ ನೋಡಿದ. ಇಬ್ಬರು ಮಾಡಲಿಲ್ಲ. ತರಕಾರಿ ಮಾರುವ ಹೆಂಗಸೊಬ್ಬಳು ಮಾಡಿದಳು. "ತಲುಪಿದೆ ಅಣ್ಣ, ಗ್ಯಾರೇಜಲ್ಲಿ ಬಿಟ್ಟಿದೀನಿ." ಆ ವಿಚಿತ್ರವಾಗಿ ನೋಡಿದವನೂ ಮಾಡಿದ. ಅವನ ಫೋನ್ ಬಂದಾಗ ಊಟಕ್ಕೆ ಕೂತಿದ್ದೆ. ಎಡಗೈಯಲ್ಲೇ ಉಣ್ಣುವವನಾದ್ದರಿಂದ ಬಲಗೈಯಲ್ಲಿ ಎತ್ತಿ, ಅವನಿಗಿಂತ ಮೊದಲು ನಾನೇ "ತಲುಪಿದ್ರಾ?" ಎಂದುಬಿಟ್ಟೆ.

ಆಮೇಲೆ ತಟ್ಟೆ ಬದಿಗಿಟ್ಟೆ. ಅವಳ ಮಾತು ನನ್ನ ಬಾಯಲ್ಲಿ ಬಂದದ್ದು ಹೇಗೋ ಗೊತ್ತಿಲ್ಲ.

ಮಾರ್ಚ್ ೧೪, ಶುಕ್ರವಾರ

ನೀರಿನ ಟ್ಯಾಂಕಿನ ಹತ್ತಿರ ಹೋದೆ. ಮೊದಲೇ ಹೊಳೆಯಬೇಕಿತ್ತು. ಟ್ಯಾಂಕಿರುವುದು ದಿಬ್ಬದ ಮೇಲೆ, ಅಲ್ಲಿಂದ ಕೆಳಗಿನ ಮುಖ್ಯರಸ್ತೆಗೆ ಕಡಿದಾದ ಇಳಿಜಾರು. ಇಳಿಜಾರಿನ ತುದಿಯಲ್ಲಿ ಲಾರಿಗಳು ಓಡಾಡುತ್ತವೆ.

ಮೇಷ್ಟ್ರ ಮನೆಯನ್ನು ಕೇಳದೆಯೇ ಹುಡುಕಬಹುದಿತ್ತು, ಅವರು ಕಿಟಕಿಯಲ್ಲೇ ಕೂತಿದ್ದರು. ಕಾಲು ಸ್ಟೂಲಿನ ಮೇಲೆ, ಎದುರಿಗೆ ಗಡಿಯಾರ. ನಾನು ಬಾಗಿಲು ತಳ್ಳಿದ ಕೂಡಲೇ, "ಅವಳು ಕಳಿಸಿದ್ಳಾ?" ಎಂದರು.

"ಇಲ್ಲ ಸಾರ್, ನಾನೂ ಅವರನ್ನೇ ಹುಡುಕ್ತಿದೀನಿ."

"ನಿನ್ನೆ ಬರ್ಬೇಕಿತ್ತು. ಬರ್ಲಿಲ್ಲ. ಎಂಟು ತಿಂಗಳಲ್ಲಿ ಒಂದು ದಿನ ತಪ್ಪಿಸಿದೋಳಲ್ಲ."

ನನಗೆ ಕೂರಬೇಕೆನ್ನಿಸಿತು. ಕೂತೆ. ನಂಬರ್ ಇದೆಯೇ ಎಂದು ಕೇಳಿದೆ. ಅವರು ಗೋಡೆಯ ಕ್ಯಾಲೆಂಡರ್ ತೋರಿಸಿದರು. ಫೆಬ್ರವರಿಯ ಹಾಳೆಯ ಮೇಲೆ ಅವಳೇ ದೊಡ್ಡದಾಗಿ ಬರೆದಿದ್ದಳಂತೆ. ತಿಂಗಳು ಮುಗಿಯಿತು, ಇವರು ಹಾಳೆ ಹರಿದರು. "ನಲವತ್ತು ವರ್ಷ ಗಣಿತ ಹೇಳ್ಕೊಟ್ಟಿದೀನಿ. ಹತ್ತು ಅಂಕಿ ನೆನಪಿಟ್ಕೊಳಕ್ಕಾಗ್ಲಿಲ್ಲ ನೋಡಿ," ಎಂದು ತಮ್ಮನ್ನೇ ಹಂಗಿಸಿಕೊಂಡರು.

ಹೊರಡಲು ಎದ್ದೆ. ಅವರು ಇನ್ನೇನೋ ಕೇಳಿದರು, ಮತ್ತೆ ಕೂತೆ. ಹೀಗೆ ಮೂರು ಸಲ ಆಯಿತು. ಅವರ ಊರುಗೋಲಿನ ರಬ್ಬರ್ ಸವೆದು ಜಾರುತ್ತಿತ್ತು. ಟ್ಯೂಬ್ ಕತ್ತರಿಸಿ ಕಟ್ಟಿಕೊಟ್ಟೆ. "ಈ ಕೆಂಪು ಯಾಕೆ?" ಎಂದರು. ಇದು ಹೆಚ್ಚು ದಿನ ಬಾಳುವುದಿಲ್ಲ, ಇನ್ನೊಬ್ಬರು ನೋಡಿ ಸರಿ ಮಾಡಲಿ ಎಂದು ಗುರುತು ಎಂದೆ. ಅವರು ಕೋಲನ್ನು ತಿರುಗಿಸಿ ತಿರುಗಿಸಿ ನೋಡಿ, "ನನ್ನ ಹಣೆಗೂ ಒಂದು ಸುತ್ತಿ," ಎಂದರು. ಇಬ್ಬರೂ ನಕ್ಕೆವು. ಯಾರೋ ನಗುತ್ತಿರುವಾಗ ಅವರ ಜೊತೆ ಕೂತು ನಕ್ಕು ಎಷ್ಟು ಕಾಲವಾಗಿತ್ತೋ.

ಇಳಿಜಾರಿನಲ್ಲಿ ಬರುವಾಗ ರಸ್ತೆಯಂಚಿನಲ್ಲಿ ಗಾಜಿನ ಚೂರು ಕಂಡಿತು. ಇಳಿದು ಕೈಯಲ್ಲಿ ಹಿಡಿದು ನೋಡಿದೆ. ಬಾಟಲಿಯದು. ಬೈಕಿನ ದೀಪದ್ದಲ್ಲ. ಚೂರನ್ನು ಕೈಯಲ್ಲಿ ಹಿಡಿದು ಅಲ್ಲೇ ಮೋರಿಯ ಮೇಲೆ ಕೂತು ಅತ್ತೆ. ಅವಳ ಹೆಸರು ಕೂಡ ನನಗೆ ಗೊತ್ತಿಲ್ಲ.

ಅಲ್ಲಿ ಕೂತಿದ್ದಾಗಲೇ ಅಣ್ಣನ ಫೋನ್ ಮತ್ತೆ ಬಂತು. ಆಗ ಹೊಳೆಯಿತು. ಈ ಸುತ್ತಿನಲ್ಲಿ ಎಲ್ಲಿ ಗಾಡಿ ಬಿದ್ದರೂ ಮುರಿದದ್ದನ್ನು ಹೊತ್ತು ತರುವುದು ಅಣ್ಣನ ಗ್ಯಾರೇಜಿಗೇ. ಮುರಿದ ಪೆಡಲ್, ಅದರ ಮೇಲೆ ನನ್ನ ತಂತಿ. ಅವನು ಫೋನ್ ಮಾಡುತ್ತಿರುವುದು ಅದನ್ನು ಹೇಳಲಿಕ್ಕೇ ಇದ್ದರೆ? ಆ ಯೋಚನೆ ಬಂದ ಮೇಲಂತೂ ಎತ್ತಲು ಕೈಯೇ ಬರಲಿಲ್ಲ. ಪೂರ್ತಿ ಬಡಿದುಕೊಂಡು ತಾನಾಗಿಯೇ ನಿಂತಿತು.

ಮಾರ್ಚ್ ೧೫, ಶನಿವಾರ

ಬೆಳಿಗ್ಗೆ ಸಹಾಯವಾಣಿಗೆ ಮಧ್ಯಾಹ್ನದವರೆಗೆ ನಾನಿಲ್ಲ ಎಂದು ಹೇಳಿ, ನೇರ ರಸ್ತೆ ಹಿಡಿದೆ. ಅವನ ಗ್ಯಾರೇಜೊಂದನ್ನು ಬಿಟ್ಟು ಎಲ್ಲ ಕಡೆ ಕೇಳಿ ಆಗಿತ್ತು. ಮೊದಲ ದಿನವೇ ಕೇಳಬೇಕಾದ ಜಾಗವೂ ಅದೇ ಆಗಿತ್ತು. ನನ್ನ ಸಿಟ್ಟನ್ನು ಕಾಪಾಡಿಕೊಳ್ಳಲು ಒಬ್ಬ ಹೆಂಗಸನ್ನು ನಾಲ್ಕು ದಿನ ಮೊಳೆಯ ಮೇಲೆ ಓಡಾಡಲು ಬಿಟ್ಟಿದ್ದೆ. ದಾರಿಯುದ್ದಕ್ಕೂ ಅದೊಂದೇ ತಲೆಯಲ್ಲಿ.

ಗ್ಯಾರೇಜಿನ ಬಾಗಿಲಲ್ಲೇ ಬೈಕು ನಿಂತಿತ್ತು. ಸ್ಟೀಲ್ ಡಬ್ಬಿ ಹಾಗೇ ಇತ್ತು. ಹ್ಯಾಂಡಲ್ ನೆಟ್ಟಗಿದೆ. ದೀಪ ಒಡೆದಿಲ್ಲ. ಟ್ಯಾಂಕಿನಲ್ಲಿ ಗೀರಿಲ್ಲ. ನಾನು ಗಾಡಿಯ ಸುತ್ತ ಎರಡು ಸಲ ಸುತ್ತಿದೆ. ಪೆಡಲ್ಲಿಗೆ ಹೊಸ ಪಿನ್ನು ಹೊಳೆಯುತ್ತಿತ್ತು.

"ಬಿದ್ದಿಲ್ಲ," ಎಂದಿತು ಒಳಗಿನಿಂದ ದನಿ.

ಅಣ್ಣ ಮಣೆಯ ಮೇಲೆ ಕೂತು ಯಾವುದೋ ಚಕ್ರ ಬಿಚ್ಚುತ್ತಿದ್ದ. ಕನ್ನಡಕ ಹಣೆಯ ಮೇಲಿತ್ತು. ಕೂದಲು ಪೂರ್ತಿ ಬೆಳ್ಳಗಾಗಿದೆ. ತಲೆ ಎತ್ತದೆ ಹೇಳಿದ, "ಬುಧವಾರ ಬಂದ್ಲು. ಯಾರೋ ನೋಡಿ ಸರಿಯಿದೆ ಅಂದ್ರಂತೆ, ಆದ್ರೂ ಪೆಡಲ್ ಸ್ವಲ್ಪ ಕೆಳಗೆ ಹೋಗ್ತಿದೆ ಅನ್ನಿಸ್ತಂತೆ. ಟೇಪ್ ಬಿಚ್ಚಿ ನೋಡ್ದೆ. ಮುಂದಿನ ಬ್ರೇಕೂ ಸತ್ತು ಹೋಗಿತ್ತು. ಸಾಮಾನು ಬರ್ಬೇಕು, ಗಾಡಿ ಕೊಡಲ್ಲ ಅಂತ ಇಟ್ಕೊಂಡೆ. ಮೂರು ದಿನದಿಂದ ಆಕೆ ಬಸ್ಸಲ್ಲಿ ಓಡಾಡ್ಕೊಂಡು ನನಗೆ ಶಾಪ ಹಾಕ್ತಿದಾಳೆ."

"ಟೇಪ್ ಯಾಕೆ ಬಿಚ್ಚಿದೆ? ಕಪ್ಪಿತ್ತಲ್ಲ," ಎಂದೆ. ಎರಡು ವರ್ಷದ ಮೇಲೆ ಅವನಿಗೆ ನಾನು ಆಡಿದ ಮೊದಲ ಮಾತು ಅದು.

ಅವನು ಎದ್ದು ಗೋಡೆಯ ಮೊಳೆಯಿಂದ ಏನನ್ನೋ ತೆಗೆದು ನನ್ನ ಕೈಯಲ್ಲಿಟ್ಟ. ನನ್ನ ತಂತಿ. ಬಿಚ್ಚಿದ ಮೇಲೂ ಸುರುಳಿ ಹಾಗೇ ನಿಂತಿತ್ತು.

"ಯಾರು ಕಟ್ಟಿದ್ದಮ್ಮ ಅಂತ ಕೇಳ್ದೆ. ಯಾರೋ ಒಬ್ರು, ಅರ್ಧ ಗಂಟೆಲಿ ಒಂದು ಮಾತಾಡ್ಲಿಲ್ಲ ಅಂದ್ಲು. ಆಗ್ಲೇ ಅನುಮಾನ ಬಂತು. ಬಿಚ್ಚಿದ್ರೆ ಎಡಗೈ ಸುತ್ತು. ಮೂರು ಸುತ್ತು, ಬಾಲ ಒಳಗೆ. ಇನ್ಯಾರು ಹಾಗೆ ಸುತ್ತುತಾರೆ?" ಅವನು ಕನ್ನಡಕ ಇಳಿಸಿ ತಂತಿಯನ್ನು ನೋಡಿದ, ನನ್ನನ್ನಲ್ಲ. "ಇಕ್ಕಳ ಹಾಕಿ ಎಳೆದ್ರೂ ಬರ್ಲಿಲ್ಲ. ಕೈ ಏನೂ ಕೆಟ್ಟಿಲ್ಲ."

"ಹೊಸ ಪಿನ್ನು ಹಾಕಿದೀನಿ ಅಂತ ಹೇಳೋಕೆ ಫೋನ್ ಮಾಡ್ತಿದ್ಯಾ?" ಎಂದೆ.

"ಗಾಡಿಗೇನು, ನಾನು ನೋಡ್ಕೊಂಡೆ." ಅವನು ಮತ್ತೆ ಮಣೆಯ ಮೇಲೆ ಕೂತ. "ಕೆಂಪು ಇರ್ಲಿಲ್ಲ. ನೀನು ಕೆಂಪು ಹಾಕ್ದೆ ಬಿಡೋನಲ್ಲ. ಏನಾಯ್ತೋ ನಿನಗೆ ಅಂತ ಮಾಡ್ದೆ. ಎತ್ಲಿಲ್ಲ. ನಾಲ್ಕು ಸಲವೂ ಎತ್ಲಿಲ್ಲ. ನಿನ್ನ ಅತ್ತಿಗೆ ಇವತ್ತು ಮನೆಗೇ ಹೋಗಿ ನೋಡ್ಬನ್ನಿ ಅಂತ ಬೆಳಿಗ್ಗೆಯಿಂದ ಕೂಗಾಡ್ತಿದ್ಲು. ಈ ಚಕ್ರ ಮುಗಿಸಿ ಹೊರಡೋನಿದ್ದೆ."

ಕೆಂಪು ಟೇಪಿಲ್ಲದ್ದನ್ನು ಪಂಕ್ಚರ್ ಅಂಗಡಿಯವನೂ ನೋಡಿದ್ದ. ಅವನಿಗೆ ಬ್ರೇಕು ಸರಿಯಾಗಿ ಕಂಡಿತು. ಇವನಿಗೆ ಮಾತ್ರ ನಾನು ಸರಿಯಿಲ್ಲದ್ದು ಕಂಡಿತು. ಇದನ್ನು ಅಲ್ಲಿ ಹೇಳಲು ಬಾಯಿ ಬರಲಿಲ್ಲ, ಇಲ್ಲಿ ಬರೆಯುತ್ತಿದ್ದೇನೆ. ಅಲ್ಲಿ ನಾನು ಮಾಡಿದ್ದಿಷ್ಟೇ. ಅವನ ಎದುರಿಗೆ ಕೂತು ಚಕ್ರದ ಇನ್ನೊಂದು ಬದಿ ಹಿಡಿದುಕೊಂಡೆ. ಅವನು ಕೈ ಚಾಚಿದಾಗ ಸ್ಪ್ಯಾನರ್ ಕೊಟ್ಟೆ. ಯಾವ ನಂಬರ್ ಎಂದು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಹನ್ನೊಂದಕ್ಕೆ ನರ್ಸಮ್ಮ ಬಂದಳು. ನಾನು ಎದ್ದು ನಿಂತು ಒಂದೇ ಉಸಿರಿಗೆ ಎಲ್ಲ ಹೇಳಿದೆ. ಮೊಳೆ, ಟೇಪು, ನಲ್ಲಿ, ಹೇಳದೆ ಕಳಿಸಿದ್ದು, ಹುಡುಕಿದ್ದು, ನನ್ನದು ತಪ್ಪು ಎಂಬುದು. ಅವಳು ಬಾಯಿ ತೆರೆದು ಕೇಳುತ್ತ ನಿಂತಳು.

"ನೀವು ಮಾತಾಡ್ತೀರಾ?" ಎಂದಳು ಕೊನೆಗೆ.

ಅಣ್ಣ ಚಕ್ರದ ಹಿಂದೆ ತಲೆ ತಗ್ಗಿಸಿ ನಕ್ಕದ್ದು ಭುಜ ನೋಡಿದರೆ ತಿಳಿಯುತ್ತಿತ್ತು. ಅವಳು ಬಯ್ಯಲಿಲ್ಲ ಎಂದೇನಿಲ್ಲ, ಬೈದಳು. "ನಾನು ಆ ಇಳಿಜಾರಲ್ಲಿ ಎರಡು ದಿನ ಓಡಾಡಿದೀನಿ, ಗೊತ್ತಾ?" ಎಂದಾಗ ನಾನು ನೆಲ ನೋಡಿದೆ. ಅದು ನನಗೆ ಬರಬೇಕಾದದ್ದೇ. ಆಮೇಲೆ ಮೇಷ್ಟ್ರು ಕಾಯುತ್ತಿದ್ದಾರೆ, ಗುರುವಾರದಿಂದ ಗಡಿಯಾರ ನೋಡುತ್ತಿದ್ದಾರೆ ಎಂದೆ. ಆ ದಿಬ್ಬಕ್ಕೆ ಬಸ್ಸಿಲ್ಲ, ಅದಕ್ಕೇ ಹೋಗಲಾಗಿರಲಿಲ್ಲವಂತೆ. ಅವಳ ಮುಖ ಮೆತ್ತಗಾಯಿತು. ಹೊರಡುವ ಮೊದಲು ಎರಡು ಬ್ರೇಕನ್ನೂ ನನ್ನ ಕೈಯಲ್ಲೇ ಒತ್ತಿ ನೋಡಿದೆ. ತಲುಪಿದ ಮೇಲೆ ಫೋನ್ ಮಾಡಿ ಎಂದೆ. ಇಪ್ಪತ್ತು ನಿಮಿಷಕ್ಕೆ ಫೋನ್ ಬಂತು, ಆದರೆ ಮಾತಾಡಿದ್ದು ಮೇಷ್ಟ್ರು. "ಬಂದ್ಲು. ಹನ್ನೊಂದು ಮುಕ್ಕಾಲು," ಎಂದು ಇಟ್ಟರು.

ಅತ್ತಿಗೆ ಊಟ ಹಾಕಿದಳು. ಇಷ್ಟು ದಿನ ಯಾಕೆ ಬರಲಿಲ್ಲ ಎಂದು ಒಂದು ಮಾತೂ ಕೇಳಲಿಲ್ಲ. ಇಳಿದುಹೋಗಿದ್ದೀಯ ಎಂದು ಮೂರು ಸಲ ಹೇಳಿದಳು. ಹೊರಡುವಾಗ ಸ್ಪ್ಯಾನರ್ ಸೆಟ್ಟನ್ನು ಬ್ಯಾಗಿನಿಂದ ತೆಗೆದು ಮೇಜಿನ ಮೇಲಿಟ್ಟೆ. ಅಣ್ಣ ಅದನ್ನು ತೆಗೆದು ಮತ್ತೆ ಬ್ಯಾಗಿನೊಳಗೆ ಹಾಕಿದ. ನಾನು ಬೈಕ್ ಏರಿದ ಮೇಲೆ ಬಾಗಿಲಿಗೆ ಬಂದು, "ತಲುಪಿದ್ಮೇಲೆ ಫೋನ್ ಮಾಡು," ಎಂದ.

"ನಾಲ್ಕು ಕಿಲೋಮೀಟ್ರು."

"ಗೊತ್ತು. ಮಾಡು."

ಅದೇ ದಿನ, ಸಂಜೆ

ಬೀಗ ತೆಗೆದು ಒಳಗೆ ಬಂದು, ಚಪ್ಪಲಿ ಕೂಡ ಬಿಡದೆ ಫೋನ್ ಮಾಡಿದೆ.

"ತಲುಪಿದೆ," ಎಂದೆ.

"ಹೂಂ," ಎಂದ.

ನಾನು ಇಡಲಿಲ್ಲ, ಅವನೂ ಇಡಲಿಲ್ಲ. ಆ ಕಡೆ ಗ್ಯಾರೇಜಿನ ಷಟರ್ ಎಳೆಯುವ ಸದ್ದು ಕೇಳಿಸಿತು.

"ಅದೇನು ಟಪ್ ಟಪ್ ಅಂತಿದೆ?" ಎಂದ.

"ಅಡುಗೆಮನೆ ನಲ್ಲಿ."

"ಯಾವಾಗಿಂದ?"

"ವಾರ ಆಯ್ತು. ಟೇಪ್ ಸುತ್ತಿದೀನಿ."

ಅವನು ಕೇಳಿದ, "ಯಾವ ಬಣ್ಣದ್ದು?"

"ಕೆಂಪು."

"ಹಾಗಾದ್ರೆ ನಾಳೆ ಬರ್ತೀನಿ. ವಾಷರ್ ತರ್ತೀನಿ," ಎಂದ.